ಚೌಕದ ಕಲ್ಲಿನ ಹನ್ನೊಂದನೆಯ ಸಾಲು

ಸೋಮವಾರ, ಬಸ್ಸಿನಲ್ಲಿ

ಊರಿನ ಹೆಸರು ಬರೆಯುವುದಿಲ್ಲ. ಝೆಕ್ ದೇಶದ ಉತ್ತರದ ಅಂಚಿನಲ್ಲಿ, ಗುಡ್ಡಗಳ ನಡುವೆ ಇರುವ ಸಣ್ಣ ಊರು ಎಂದಷ್ಟೇ ಹೇಳುತ್ತೇನೆ. ನಾನು ಹೇಳಲಿರುವುದು ಅಲ್ಲಿಯ ಒಬ್ಬ ಅಜ್ಜಿಯ ಮನೆತನಕ್ಕೆ ಸೇರಿದ ಸಂಗತಿ. ಬರೆಯಲು ಅವರು ಒಪ್ಪಿದ್ದಾರೆ, ಹೆಸರು ಬದಲಿಸಬೇಕೆಂಬ ಷರತ್ತಿನ ಮೇಲೆ. ಅವರನ್ನು ಇಲ್ಲಿ ಹೆಲೆನಾ ಎಂದು ಕರೆಯುತ್ತೇನೆ.

ನನ್ನ ಕೆಲಸ ಶಾಸನಗಳದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗುಡಿಯ ಮುಂದೆ, ಬಾವಿಯ ಬದಿಗೆ, ಒಮ್ಮೊಮ್ಮೆ ಎಮ್ಮೆ ಕಟ್ಟುವ ಜಾಗದಲ್ಲಿ ನಿಂತಿರುವ ಅಕ್ಷರದ ಕಲ್ಲುಗಳನ್ನು ಹುಡುಕಿ, ಅಚ್ಚು ತೆಗೆದು, ಓದಿ, ಪಟ್ಟಿ ಮಾಡುತ್ತೇನೆ. ಹಳೆಯ ಕಲ್ಲುಗಳನ್ನು ಕಾಪಾಡುವ ಬಗ್ಗೆ ಒಂದು ತಿಂಗಳ ತರಬೇತಿಗೆಂದು ಆ ದೇಶಕ್ಕೆ ಹೋಗಿದ್ದೆ. ಕೊನೆಯ ವಾರ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಂದೊಂದು ಊರಿಗೆ ಕಳಿಸಿದರು. ಆ ಊರಿನ ಒಂದು ಸ್ಮಾರಕವನ್ನು ನೋಡಿ, ಅದರ ಕಥೆ ಬರೆದು ತರಬೇಕು. ನನ್ನ ಪಾಲಿಗೆ ಬಂದದ್ದು ಈ ಊರಿನ ಚೌಕದಲ್ಲಿರುವ ಮರಳುಗಲ್ಲಿನ ಕಂಬ.

ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹತ್ತಿದವರೆಲ್ಲ ಒಂದೊಂದು ಜೋಡಿ ಸೀಟು ಹಿಡಿದು ಕಿಟಕಿಯ ಕಡೆ ಕೂತರು, ಬಾಜೂ ಸೀಟಿನಲ್ಲಿ ತಮ್ಮ ಚೀಲ ಕೂರಿಸಿದರು. ಹತ್ತುವಾಗ ಎಲ್ಲರಿಗೂ ಕೇಳುವಂತೆ ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಮತ್ತೊಂದು ಹೇಳುತ್ತಾರೆ. ನಡುವೆ ಏನೂ ಇಲ್ಲ. ಗೋಕಾಕದಿಂದ ಕುಲಗೋಡಕ್ಕೆ ಹೋಗುವ ಬಸ್ಸಿನಲ್ಲಿ ಮೂರನೆಯ ಸ್ಟಾಪು ಬರುವಷ್ಟರಲ್ಲಿ ಬಾಜೂ ಕೂತ ಹೆಂಗಸು ನನ್ನ ಮನೆತನ, ಪಗಾರ, ಮದುವೆಯ ವಿಷಯ ಎಲ್ಲ ಕೇಳಿ ಮುಗಿಸಿರುತ್ತಾಳೆ. ಅದರಿಂದ ತಪ್ಪಿಸಿಕೊಳ್ಳಲು ನಾನು ಯಾವಾಗಲೂ ಪುಸ್ತಕ ಹಿಡಿದು ಕೂರುವವಳು. ಇಲ್ಲಿ ಪುಸ್ತಕ ಚೀಲದಲ್ಲೇ ಇತ್ತು. ಯಾರಾದರೂ ಕೇಳಿದರೆ ಹೇಳಲು ಉತ್ತರಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಯಾರೂ ಕೇಳಲಿಲ್ಲ.

ಉಳಿಯಲು ಗೊತ್ತು ಮಾಡಿದ್ದು ಮುಚ್ಚಿದ ಒಂದು ಬ್ರೆಡ್ ಅಂಗಡಿಯ ಮೇಲಿನ ಕೋಣೆ. ಮನೆಯವರು ಬಾಗಿಲ ಬದಿಯ ಪೆಟ್ಟಿಗೆಯಲ್ಲಿ ಬೀಗದ ಕೈ ಇಟ್ಟು, ಪೆಟ್ಟಿಗೆ ತೆರೆಯುವ ಅಂಕಿಗಳನ್ನು ಫೋನಿಗೆ ಕಳಿಸಿದ್ದರು. ಏಳು ದಿನ ಅಲ್ಲಿದ್ದೆ. ಅವರ ಮುಖ ನೋಡಲಿಲ್ಲ.

ಸಂಜೆ ಅವ್ವನ ಫೋನು ಬಂತು.

“ಉಂಡೀ?”

“ಉಂಡ್ನಿ.”

“ಏನುಂಡಿ?”

“ಬ್ರೆಡ್ಡು, ಬಟಾಟಿ.”

“ಅದೇನ್ ಊಟ ಅಂತ ಉಂಡಿ ಬಿಡು. ಇಲ್ಲಿ ಕಬ್ಬ ಕಡಿಯೂ ಗ್ಯಾಂಗ್ ಬಂದೈತಿ, ನಿಮ್ಮಪ್ಪ ಹೊಲದಾಗ ಅದಾನ. ಅಲ್ಲೂ ಕಲ್ಲ ತೊಳಿಯೂ ಕೆಲಸನ ಏನ?”

“ಹೌದವಾ.”

“ಇಲ್ಲಿ ಕಲ್ಲ ಸಾಲಲಿಲ್ಲಂತ ವಿಮಾನ ಹತ್ತಿ ಹೋಗ್ಯಾಳ. ಮದಿವಿ ಮಾತ ತಗದ್ರ ನೀನೂ ಕಲ್ಲ ಆಗ್ತಿ. ಕಿವಿ ಕಟಗೋ, ಥಂಡಿ ಇರತೈತಿ.”

ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ಇಡೀ ದಿನದಲ್ಲಿ ನಾನು ಅವ್ವನನ್ನು ಬಿಟ್ಟು ಬೇರೆಯವರ ಜೊತೆ ಆಡಿದ್ದು ಎರಡು ನಮಸ್ಕಾರ.

ಮಂಗಳವಾರ, ಚೌಕದಲ್ಲಿ

ಕಂಬ ಎಂದರೆ ಅಷ್ಟು ದೊಡ್ಡದೇನಲ್ಲ, ಎರಡಾಳೆತ್ತರ. ನಾಲ್ಕು ಮುಖ. ಸುತ್ತ ಮೂರು ಮೆಟ್ಟಿಲಿನ ಕಟ್ಟೆ. ತುದಿಯಲ್ಲಿ ಮೂರ್ತಿ ಇಲ್ಲ, ಕಬ್ಬಿಣದ ಒಂದು ಮೊಳೆ ಮೇಲಕ್ಕೆ ಚಾಚಿದೆ. ಅದರ ಮೇಲೆ ಒಂದು ಪಾರಿವಾಳಕ್ಕಷ್ಟೇ ಜಾಗ, ಆ ಜಾಗಕ್ಕಾಗಿ ಉಳಿದವುಗಳ ಜಗಳ. ದಕ್ಷಿಣದ ಮುಖದಲ್ಲಿ ಮೇಲಿನಿಂದ ಕೆಳಗಿನವರೆಗೆ ಕಲ್ಲು ಕುಳಿಬಿದ್ದಿತ್ತು, ಜೋಳದ ತೆನೆಗೆ ಹಕ್ಕಿ ಕುಕ್ಕಿದ ಹಾಗೆ. ಸಾಲುಸಾಲಾಗಿ ಕುಕ್ಕಿದ್ದರಿಂದ, ಅಲ್ಲಿ ಅಕ್ಷರಗಳಿದ್ದವು ಎನ್ನುವುದು ನನಗೆ ಕೂಡಲೇ ತಿಳಿಯಿತು.

ಒಬ್ಬ ಅಜ್ಜಿ ಬಕೆಟ್ಟು, ಬ್ರಷ್ಷು ಹಿಡಿದು ಆ ಮುಖವನ್ನು ತೊಳೆಯುತ್ತಿದ್ದರು. ಎಂಬತ್ತು ದಾಟಿದ ವಯಸ್ಸು, ನೇರ ಬೆನ್ನು, ತಲೆಗೆ ಕಂದು ವಸ್ತ್ರ. ನವೆಂಬರಿನ ಮೊದಲ ವಾರ ಅಲ್ಲಿ ಸತ್ತವರ ದಿನ ಬರುತ್ತದೆ. ಊರೆಲ್ಲ ಗೋರಿಗಳನ್ನು ತೊಳೆದು ದೀಪ ಇಡುತ್ತದೆ. ಆದರೆ ಚೌಕದ ಈ ಕಂಬಕ್ಕೆ ಬಂದವರು ಅವರೊಬ್ಬರೇ.

ನಾನು ಮಾಡಿದ ತಪ್ಪು ಇಲ್ಲಿಂದ ಶುರುವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಶಾಸನದ ಕಲ್ಲಿಗೆ ಕಾಗದಪತ್ರದ ಪ್ರಕಾರ ಒಡೆಯರು ಯಾರಾದರೂ ಇರಲಿ, ಅದಕ್ಕೆ ದಿನಾ ನೀರು ಹಾಕುವವರೇ ನಿಜವಾದ ಒಡೆಯರು. ಕಚೇರಿಯ ಪತ್ರ ತೋರಿಸಿದರೆ ಯಾರೂ ಓದುವುದಿಲ್ಲ. ಆ ನೀರು ಹಾಕುವ ಮುದುಕಿಯನ್ನು ಹುಡುಕಿ, ಚಪ್ಪಲಿ ಬಿಟ್ಟು, “ಅವ್ವಾರ, ನಿಮ್ಮ ಕಲ್ಲ ಮುಟ್ಟಲೇನ್ರಿ?” ಎಂದು ಕೇಳಬೇಕು. ಅವಳು ಹೂಂ ಎಂದರೆ ಊರೇ ಹೂಂ ಎಂದಂತೆ. ಐದು ವರ್ಷ ಹಾಗೆಯೇ ಕೆಲಸ ಮಾಡಿದ್ದೇನೆ. ಯೋಚನೆ ಮಾಡದೆಯೇ ನಾನು ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಆ ಥಂಡಿಯ ಮೆಟ್ಟಿಲು ಹತ್ತಿ, ಇಂಗ್ಲಿಷಿನಲ್ಲಿ ಕೇಳಿದೆ: “ನಿಮ್ಮ ಕಲ್ಲಿನ ಅಚ್ಚು ತೆಗೆಯಬಹುದೇ?”

ಅವರು ಮೊದಲು ನನ್ನ ಕಾಲು ನೋಡಿದರು. ಆಮೇಲೆ ಮುಖ. ಬ್ರಷ್ಷನ್ನು ಬಕೆಟ್ಟಿನಲ್ಲಿ ಇಟ್ಟು, ಕೈ ಒರೆಸಿಕೊಂಡು ಹೇಳಿದರು: “ನಿಮ್ಮ ವಿಚಾರಣೆ ತಲುಪಿತು. ದಯವಿಟ್ಟು ಬೂಟು ಹಾಕಿಕೊಳ್ಳುವುದು.”

ಹೆಲೆನಾ ನಲವತ್ತು ವರ್ಷ ಗಾಜಿನ ಬಳೆ ಮತ್ತು ಮಣಿಗಳ ಕಾರ್ಖಾನೆಯೊಂದರಲ್ಲಿ ಪರದೇಶಕ್ಕೆ ಪತ್ರ ಬರೆಯುವ ಕೆಲಸದಲ್ಲಿದ್ದರು. ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ವ್ಯಾಪಾರದ ಪತ್ರದ ಇಂಗ್ಲಿಷು. ಹಿಂದುಸ್ತಾನಕ್ಕೂ ಬಳೆ ಕಳಿಸಿದವರು.

“ನಿಮ್ಮ ದೇಶದ ಹೆಂಗಸರ ಕೈ ಅಳತೆ ನನಗೆ ಗೊತ್ತು. ನಿಮ್ಮದು ಎಲ್ಲಕ್ಕಿಂತ ಸಣ್ಣ ಪೆಟ್ಟಿಗೆಯದು. ಆದರೆ ಸರಕು ಕಾಣುವುದಿಲ್ಲ?” ಎಂದು ನನ್ನ ಬರಿಗೈ ತೋರಿಸಿದರು.

“ಕೆಲಸದಲ್ಲಿ ಒಡೆಯುತ್ತವೆ.”

“ಒಡೆಯದಿದ್ದರೆ ನಾವು ಉಪವಾಸ ಇರುತ್ತಿದ್ದೆವು.” ಅವರು ನಕ್ಕರು. ಆ ಊರಿಗೆ ಬಂದ ಮೇಲೆ ನನ್ನ ಮುಂದೆ ನಕ್ಕ ಮೊದಲನೆಯವರು.

ಮೆಟ್ಟಿಲ ಮೇಲೆ ಕೂತು ಅವರು ಕಂಬದ ಕಥೆ ಹೇಳಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಊರವರೇ ಹಣ ಕೂಡಿಸಿ ನಿಲ್ಲಿಸಿದ್ದು. ಆಗ ಈ ಊರಿನವರು ಹೆಚ್ಚಿನವರು ಜರ್ಮನ್ ಮಾತಾಡುವವರು. ತುದಿಗೆ ಮೊಣಕಾಲೂರಿದ ಸೈನಿಕನ ಮೂರ್ತಿ, ಕೆಳಗೆ ಯುದ್ಧಕ್ಕೆ ಹೋಗಿ ಮರಳದವರ ಹೆಸರು. ಎರಡನೆಯ ಮಹಾಯುದ್ಧ ಮುಗಿದಾಗ ಜರ್ಮನ್ ಮಾತಾಡುವವರನ್ನೆಲ್ಲ ದೇಶದಿಂದ ಹೊರಗೆ ಕಳಿಸಿದರು. ಖಾಲಿ ಮನೆಗಳಿಗೆ ಬೇರೆ ಕಡೆಯಿಂದ ಜನ ಬಂದರು. ಅವರು ಮೂರ್ತಿ ಇಳಿಸಿ, ಹೆಸರುಗಳನ್ನು ಉಳಿಯಿಂದ ಕುಕ್ಕಿ ಅಳಿಸಿ, ತುದಿಗೆ ಕೆಂಪು ನಕ್ಷತ್ರ ಕೂರಿಸಿದರು. ಮತ್ತೊಂದು ಸರಕಾರ ಬಂದಾಗ ನಕ್ಷತ್ರವೂ ಇಳಿಯಿತು. ಉಳಿದದ್ದು ಮೊಳೆ, ಪಾರಿವಾಳ. ಊರಿನ ಹುಡುಗರು ಈಗ ಅದನ್ನು ಬರೀ ಕಂಬ ಎನ್ನುತ್ತಾರೆ, ಸಂಜೆ ಅಲ್ಲಿ ಕೂಡುತ್ತಾರೆ.

ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಭಾಷೆಯ ಸಿಟ್ಟು ಬಂದರೆ ಬೋರ್ಡಿಗೆ ಮಸಿ ಬಳಿಯುತ್ತಾರೆ. ಮಸಿ ಒರೆಸಿದರೆ ಹೋಗುತ್ತದೆ. ಇಲ್ಲಿ ಉಳಿ ಹಿಡಿದಿದ್ದರು.

ಹೆಲೆನಾ ಅವರ ತಾಯಿ ಝೆಕ್ ಮಾತಾಡುವವರಾದ್ದರಿಂದ ಅವರ ಕುಟುಂಬ ಊರಿನಲ್ಲೇ ಉಳಿಯಿತು. ಅವರ ತಂದೆಯ ತಂದೆ ಆಂಟನ್ ಮೊದಲ ಯುದ್ಧಕ್ಕೆ ಹೋದವರು, ಮರಳಲಿಲ್ಲ. “ಅಜ್ಜನ ಹೆಸರು ಇಲ್ಲಿತ್ತು. ಅಜ್ಜಿ ಪ್ರತಿ ವರ್ಷ ನನ್ನನ್ನು ಕರೆತಂದು, ನನ್ನ ಕೈ ಹಿಡಿದು ಇದೇ ಜಾಗದ ಮೇಲೆ ಇಡುತ್ತಿದ್ದಳು.” ಅವರು ಎದ್ದು ನಿಂತು ಎದೆಮಟ್ಟದ ಒಂದು ಜಾಗದ ಮೇಲೆ ಅಂಗೈ ಇಟ್ಟು ತೋರಿಸಿದರು. ಅಜ್ಜಿ ಸತ್ತ ಮೇಲೆ, ಹತ್ತನೆಯ ವಯಸ್ಸಿನಿಂದ, ಅವರೇ ತೊಳೆಯುತ್ತ ಬಂದಿದ್ದಾರೆ. ನಕ್ಷತ್ರ ಇದ್ದ ಕಾಲದಲ್ಲೂ ಬಿಡಲಿಲ್ಲ. ನಕ್ಷತ್ರದ ಸೇವೆ ಮಾಡುತ್ತಾಳೆಂದು ಶಾಲೆಯಲ್ಲಿ ಬಹುಮಾನ ಬೇರೆ ಕೊಟ್ಟಿದ್ದರಂತೆ.

ಈಗ ಪುರಸಭೆಯವರು ಬೇಸಿಗೆಯಲ್ಲಿ ಅಳಿದ ಹೆಸರುಗಳ ಹೊಸ ಫಲಕ ಹಾಕುವವರಿದ್ದಾರೆ. ಹಳೆಯ ದಫ್ತರದಿಂದ ಪಟ್ಟಿ ತೆಗೆದಿದ್ದಾರೆ. ಪಟ್ಟಿಯಲ್ಲಿ ಆಂಟನ್ ಇಲ್ಲ. ಹೆಲೆನಾ ಮೂರು ಅರ್ಜಿ ಕೊಟ್ಟರು. ಆಧಾರ ಇಲ್ಲ ಎಂಬ ಉತ್ತರ ಮೂರು ಸಲ ಬಂತು.

“ಒಮ್ಮೆ ಉಳಿಯಿಂದ ಅಳಿಸಿದರು, ಈಗ ಕಾಗದದಿಂದ ಅಳಿಸುತ್ತಿದ್ದಾರೆ” ಎಂದರು. “ನಿಮ್ಮ ಅಚ್ಚು ಅಳಿದ ಅಕ್ಷರ ತೋರಿಸುತ್ತದೆಯೇ?”

ಕೆಲವೊಮ್ಮೆ ತೋರಿಸುತ್ತದೆ ಎಂದೆ.

“ಅನುಮತಿ ಕೊಡಲಾಗಿದೆ” ಎಂದರು. ಆಮೇಲೆ ಬಕೆಟ್ಟು ಎತ್ತಿಕೊಂಡು, “ಈ ಕಲ್ಲಿನ ಬಗ್ಗೆ ಇಲ್ಲಿಯವರೆಗೆ ಯಾರೂ ನನ್ನ ಅನುಮತಿ ಕೇಳಿರಲಿಲ್ಲ.”

ಬುಧವಾರ, ಔಷಧಿ ಅಂಗಡಿಯ ಮುಂದೆ

ಅಚ್ಚು ತೆಗೆಯುವ ಕ್ರಮ ಸರಳ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಒಳಗೆ ಇಳಿಯುತ್ತದೆ. ಸ್ವಲ್ಪ ಆರಿದಾಗ ಮೇಲೆ ಶಾಯಿ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರದ ಗೆರೆ ಬಿಳಿಯಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದ್ದೂ ಒಮ್ಮೊಮ್ಮೆ ಕಾಗದಕ್ಕೆ ಕಾಣುತ್ತದೆ. ಕಲ್ಲಿಗೆ ಶಾಯಿ ತಾಗದಂತೆ ನಾನು ಎರಡು ಪದರು ಕಾಗದ ಹಾಕಿದೆ.

ಆದರೆ ಕಾಗದ ಆರಬೇಕಲ್ಲ. ಮೂಡಲಗಿಯ ಬಿಸಿಲಿನಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಆರುವ ಕಾಗದ ಇಲ್ಲಿ ಒಂದೂವರೆ ತಾಸಾದರೂ ಒದ್ದೆಯಾಗಿ ಅಂಟಿಕೊಂಡೇ ಇತ್ತು. ಹೆಲೆನಾ ಮನೆಗೆ ಹೋಗಿ ಕೂದಲು ಒಣಗಿಸುವ ಯಂತ್ರ ತಂದರು. ಚೌಕದ ಮೂಲೆಯ ಔಷಧಿ ಅಂಗಡಿಯವನನ್ನು ಗದರಿಸಿ, ಅಲ್ಲಿಂದ ಉದ್ದ ವೈರು ಎಳೆಸಿದರು. ನಾನು ಕಾಗದಕ್ಕೆ ಬಿಸಿಗಾಳಿ ಹಿಡಿದು ನಿಂತೆ. ಅವರು ಗೋಕಾಕದ ಕರದಂಟು ತಿನ್ನುತ್ತ ಕಾವಲು ಕೂತರು. ಅವ್ವ ಕಟ್ಟಿಕೊಟ್ಟಿದ್ದ ಡಬ್ಬಿ ಅದು, ಅಲ್ಲಿಯವರೆಗೆ ಯಾರಿಗೂ ಕೊಡಲು ಆಗಿರಲಿಲ್ಲ. ಎರಡನೆಯ ತುತ್ತಿಗೆ ಅಂಟು ಅವರ ಕಟ್ಟಿಸಿದ ಹಲ್ಲು ಹಿಡಿಯಿತು.

ಪುರಸಭೆಯ ಟೊಮಾಶ್ ಬಂದದ್ದು ಆಗಲೇ. ನನ್ನ ವಯಸ್ಸಿನವನು, ಸ್ಮಾರಕಗಳ ದಾಖಲೆ ನೋಡಿಕೊಳ್ಳುವ ಗುಮಾಸ್ತ. ಯಾರೋ ಫೋನು ಮಾಡಿ, ಪರದೇಶದ ಹುಡುಗಿಯೊಬ್ಬಳು ಕಂಬಕ್ಕೆ ಕಪ್ಪು ಬಳಿಯುತ್ತಿದ್ದಾಳೆ ಎಂದಿದ್ದರಂತೆ.

“ನಿಮಗೆ ಫೋಟೋ ತೆಗೆಯಲು ಮಾತ್ರ ಅನುಮತಿ ಇತ್ತು. ಇದಕ್ಕೆ ಯಾರ ಅನುಮತಿ?” ಎಂದು ಕೇಳಿದ.

ನಾನು ಹೆಲೆನಾ ಅವರನ್ನು ತೋರಿಸಿದೆ. “ಇವರದು.”

“ಇವರು ಯಾರು ಕೊಡಲು?”

“ಕಲ್ಲು ತೊಳೆಯುವವರು.”

ಅವನು ನನ್ನನ್ನು ನೋಡಿದ ರೀತಿಯಿಂದ ನನಗೆ ನನ್ನ ತಪ್ಪು ಅರ್ಥವಾಯಿತು. ಒಂದು ತಿಂಗಳು ತರಬೇತಿಯಲ್ಲಿ ಪತ್ರ, ಮುದ್ರೆ, ಸಹಿ ಎಂದು ಕಲಿಸಿದ್ದೆಲ್ಲ ಆ ಚೌಕದಲ್ಲಿ ನೆನಪಿಗೆ ಬಂತು. ಆದರೆ ಹೆಲೆನಾ ಎದ್ದು ನಿಂತರು. ಬಾಯಿ ತೆರೆಯಲಾಗದೆ, ಹಲ್ಲಿಗೆ ಅಂಟಿದ್ದನ್ನು ನಿಧಾನ ಬಿಡಿಸಿಕೊಂಡು, ತಮ್ಮ ಭಾಷೆಯಲ್ಲಿ ಅವನಿಗೆ ಏನೋ ಹೇಳಿದರು. ಬಹಳ ಹೊತ್ತು ಹೇಳಿದರು. ಔಷಧಿ ಅಂಗಡಿಯವನು ಬಾಗಿಲಿಗೆ ಬಂದು ಕೇಳಿಸಿಕೊಂಡ. ಕೊನೆಗೆ ಟೊಮಾಶ್ ನನ್ನ ಕೈಯಿಂದ ಆ ಯಂತ್ರ ತೆಗೆದುಕೊಂಡು, ತಾನೇ ಕಾಗದಕ್ಕೆ ಗಾಳಿ ಹಿಡಿದ.

“ಶುಕ್ರವಾರ ಹನ್ನೆರಡಕ್ಕೆ ಕಚೇರಿಗೆ ಬನ್ನಿ” ಎಂದ. “ಈ ಕಾಗದದಲ್ಲಿ ಅವರ ಅಜ್ಜನ ಹೆಸರು ಕಂಡರೆ ಫಲಕದಲ್ಲಿ ಸೇರಿಸುತ್ತೇನೆ. ನನಗೂ ಈ ಅರ್ಜಿಗಳಿಂದ ಬಿಡುಗಡೆ ಬೇಕು.”

ಗುರುವಾರ, ಕೋಣೆಯಲ್ಲಿ

ಒಣಗಿದ ಕಾಗದವನ್ನು ನೆಲದ ಮೇಲೆ ಹಾಸಿ ಓದತೊಡಗಿದೆ. ಭಾಷೆ ಬರದಿದ್ದರೂ ಅಕ್ಷರ ಬರುತ್ತದೆ, ಇಂಗ್ಲಿಷಿನ ದೊಡ್ಡಕ್ಷರಗಳೇ. ಕುಕ್ಕಿದ ಕುಳಿಗಳ ನಡುವೆ ಆಳವಾದ ಗೆರೆಗಳ ಬುಡ ಅಲ್ಲಲ್ಲಿ ಉಳಿದಿತ್ತು. ಹಿಂದಿನ ದಿನ ಟೊಮಾಶ್ ಕೊಟ್ಟಿದ್ದ ದಫ್ತರದ ಪಟ್ಟಿ ಹಿಡಿದು ಒಂದೊಂದೇ ಸಾಲು ಹೊಂದಿಸಿದೆ. ಮೊದಲ ಹತ್ತು ಸಾಲು ಹೊಂದಿದವು. ಹನ್ನೆರಡರಿಂದ ಕೆಳಗೆ, ಒಂದೆರಡು ಅನುಮಾನ ಬಿಟ್ಟರೆ, ಎಲ್ಲವೂ ಹೊಂದಿದವು.

ಹನ್ನೊಂದನೆಯ ಸಾಲು ಪಟ್ಟಿಯಲ್ಲಿ ಇರಲಿಲ್ಲ. ಕಾಗದದಲ್ಲಿ ಇತ್ತು. ಕೂದಲೆಳೆಯಂಥ ಬಿಳಿ ಗೆರೆಗಳು: ಆಂಟನ್ ಎಂಬ ಹೆಸರಿನ ಐದು ಅಕ್ಷರಗಳಲ್ಲಿ ನಾಲ್ಕು, ಹೆಲೆನಾ ಅವರ ಮನೆತನದ ಹೆಸರಿನ ಮೊದಲ ಮೂರು. ಅವರು ಅಂಗೈ ಇಟ್ಟು ತೋರಿಸಿದ್ದು ಇದೇ ಎತ್ತರಕ್ಕೆ.

ಸಂತೋಷದಿಂದ ಎದ್ದು ನಿಂತೆ. ಕೋಟು ಹಾಕಿಕೊಂಡೆ, ಅವರ ಮನೆಗೆ ಓಡುವವಳಿದ್ದೆ. ಬಾಗಿಲಿನಿಂದ ತಿರುಗಿ ನೋಡಿದಾಗ, ದೂರದಿಂದ, ಕಾಗದದಲ್ಲಿ ಬೇರೆಯೇ ಒಂದು ಸಂಗತಿ ಕಂಡಿತು. ಎಲ್ಲ ಸಾಲುಗಳ ಮೇಲೂ ಕುಳಿಗಳು. ಹನ್ನೊಂದನೆಯದರ ಮೇಲೆ ಒಂದೂ ಇಲ್ಲ. ಶಾಯಿ ಸಮನಾಗಿ ಕೂತ ನುಣುಪು ಪಟ್ಟಿ.

ಕೋಟು ಬಿಚ್ಚಿ ಕಾಗದದ ಫೋಟೋ ತೆಗೆದು, ಕಂಬದ ಕಥೆಯನ್ನೂ ಬರೆದು ಕೊಣ್ಣೂರಿಗೆ ಕಳಿಸಿದೆ. ಅಚ್ಚು ತೆಗೆಯುವುದನ್ನು ನನಗೆ ಕಲಿಸಿದವರು ಅಲ್ಲಿದ್ದಾರೆ, ನಿವೃತ್ತ ಡ್ರಾಯಿಂಗ್ ಮಾಸ್ತರರು. ನಮ್ಮ ಕಡೆ ಆಗ ಸಂಜೆ. ಅರ್ಧ ತಾಸು ಬಿಟ್ಟು ಫೋನು ಮಾಡಿದೆ.

“ನೋಡಿದ್ರ್ಯಾ ಸರ?”

“ನೋಡೇನಿ ತಂಗಿ. ಕನ್ನಡಕ ಹಾಕ್ಕೊಂಡೂ ನೋಡೇನಿ, ತಗದೂ ನೋಡೇನಿ. ಹನ್ನೊಂದನೇ ಸಾಲಿಗಿ ಏಟ ಬಿದ್ದಿಲ್ಲ.”

“ಯಾಕ್ರಿ?”

“ನಿನಗ ಗೊತ್ತಾಗೇತಿ, ನನ್ನ ಬಾಯಾಗ ಹೇಳಸಾಕತ್ತಿ. ಒಡ್ಯಾಕ ಬಂದಾಂವ ಅಲ್ಲಿ ಹೆಸರ ಇಲ್ಲಂತ ಆ ಸಾಲ ಬಿಟ್ಟು ಮುಂದ ಹೋಗ್ಯಾನ. ಅಂವ ಬರೂಕಿಂತ ಮದಲ ಯಾರೋ ಅದನ್ನ ತಗದಾರ. ತಗದಾಂವ ಛಲೋ ಕಸಬದಾಂವ. ಸಿಟ್ಟಿಲೆ ಒಡದದ್ದ ಬ್ಯಾರೆ, ತಪ್ಪ ತಿದ್ದಿದ್ದ ಬ್ಯಾರೆ. ಇದು ತಿದ್ದಿದ್ದು. ಒಂದ ದಿನ ಕುಂತ ತಿಕ್ಕ್ಯಾನ.”

“ಸತ್ತಾಂವ್ರ ಪಟ್ಟ್ಯಾಗ ತಪ್ಪ ಅಂದ್ರ...”

“ಸತ್ತಿಲ್ಲ ಅಂತ ಆಮ್ಯಾಲ ಗೊತ್ತಾಗಿರಬೇಕು. ಇಲ್ಲಾ ಬ್ಯಾರೆ ಏನರ ಇರಬೇಕು. ಕಲ್ಲ ಇಷ್ಟ ಹೇಳತೈತಿ, ಇದರಕಿಂತ ಹೆಚ್ಚ ಹೇಳೂದಿಲ್ಲ.”

ನಾಳೆ ಕಚೇರಿಯಲ್ಲಿ ಏಳು ಅಕ್ಷರ ತೋರಿಸಿದರೆ ಸಾಕು, ಟೊಮಾಶ್ ಹೆಸರು ಸೇರಿಸುತ್ತಾನೆ. ನುಣುಪಿನ ವಿಷಯ ಅವನಿಗೆ ತಾನಾಗಿ ತಿಳಿಯುವುದಿಲ್ಲ. ಎಪ್ಪತ್ತು ವರ್ಷ ಕಲ್ಲು ತೊಳೆದವರಿಗೆ ಬೇಕಾದದ್ದು ಸಿಗುತ್ತದೆ. ಇದನ್ನೆಲ್ಲ ಮಾಸ್ತರರಿಗೆ ಹೇಳಿ, ಕೇಳಿದೆ: “ಅಜ್ಜಿಗಿ ಹೇಳಬೇಕೇನ್ರಿ?”

“ವಯಸ್ಸೆಷ್ಟ ಅವ್ರಿಗಿ?”

“ಎಂಬತ್ತರ ಮ್ಯಾಲ.”

“ನನಗಿಂತ ಹಿರೇರು. ಹಂಗಾರ ಕೇಳೂ ತಾಕತ್ತ ಐತಿ.” ನಕ್ಕರು. ಆಮೇಲೆ ನಗು ನಿಂತಿತು. “ನನಗಾದ್ರ ಖರೆ ಬೇಕು ತಂಗಿ. ಆದ್ರ ನಾ ಅಂದ್ರ ನಾ, ಅವ್ರಂದ್ರ ಅವ್ರು. ಅಚ್ಚ ತಗ್ಯೂದ ನಿನಗ ಕಲಿಸೇನಿ. ಇದನ್ನ ಕಲಿಸಿಲ್ಲ.”

ಶುಕ್ರವಾರ, ಹೆಲೆನಾ ಅವರ ಅಡುಗೆಮನೆ

ಹತ್ತು ಗಂಟೆಗೆ ಹೋದೆ. ಅವರು ಗಸಗಸೆ ತುಂಬಿದ ರೊಟ್ಟಿಯಂಥದ್ದನ್ನು ಮಾಡಿ ಕಾಯುತ್ತಿದ್ದರು. ಒಳ್ಳೆಯ ಕೋಟು ಕುರ್ಚಿಯ ಬೆನ್ನಿಗೆ ಸಿದ್ಧವಾಗಿ ತೂಗುತ್ತಿತ್ತು, ಹನ್ನೆರಡು ಗಂಟೆಯ ಕಚೇರಿಗಾಗಿ.

ಮೇಜಿನ ಮೇಲೆ ಕಾಗದ ಹಾಸಿ ಮೊದಲು ಏಳು ಅಕ್ಷರ ತೋರಿಸಿದೆ. ಅವರು ಅವನ್ನು ಮುಟ್ಟಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ನೋಡಿದರು. ಕಣ್ಣು ತುಂಬಿತು. ಆಗ ನಿಲ್ಲಿಸಿಬಿಡಬಹುದಿತ್ತು. ನಾನು ಉಳಿದದ್ದನ್ನೂ ಹೇಳಿದೆ, ಕುಳಿಗಳು ಇರುವಲ್ಲಿ ಬೆರಳಿಟ್ಟು, ಇಲ್ಲದಲ್ಲಿ ಬೆರಳಿಟ್ಟು. ಹೊಸದಾಗಿ ಬಂದವರು ಈ ಹೆಸರನ್ನು ಅಳಿಸಿಲ್ಲ. ಅದಕ್ಕೂ ಮೊದಲೇ, ಕಂಬ ನಿಲ್ಲಿಸಿದ ಊರವರ ಕಾಲದಲ್ಲೇ, ಕಸಬು ಬಲ್ಲ ಒಬ್ಬ ಕಲ್ಲುಕುಟಿಗ ಇದನ್ನು ಉಜ್ಜಿ ತೆಗೆದಿದ್ದಾನೆ. ಯಾಕೆ ಎಂದು ನನಗೆ ಗೊತ್ತಿಲ್ಲ.

ಅವರು ಆ ನುಣುಪು ಪಟ್ಟಿಯ ಮೇಲೆ ಅಂಗೈ ಇಟ್ಟರು.

“ನುಣುಪಾಗಿತ್ತು” ಎಂದರು ಆಮೇಲೆ. “ಅಜ್ಜಿ ನನ್ನ ಕೈ ಇಡುತ್ತಿದ್ದ ಜಾಗ. ಉಳಿದ ಕಡೆ ಕೈಗೆ ಚುಚ್ಚುತ್ತಿತ್ತು. ಅದು ಮಾತ್ರ ನುಣುಪಾಗಿತ್ತು. ನಾನು ತೊಳೆದು ತೊಳೆದು ಹಾಗಾಯಿತು ಎಂದುಕೊಂಡಿದ್ದೆ. ಆದರೆ ಅದು ನಾನು ತೊಳೆಯುವುದಕ್ಕಿಂತ ಮೊದಲೇ ಹಾಗಿತ್ತು, ಅಲ್ಲವೇ?”

ನಾನು ಹೌದೆಂದೆ.

“ಅಜ್ಜಿಗೆ ಗೊತ್ತಿತ್ತು.”

ಕಾಗದದಲ್ಲಿ ಅದಿರಲಿಲ್ಲ.

“ಸಾಯುವವರೆಗೆ ವಿಧವೆಯರ ಕಪ್ಪು ಬಟ್ಟೆ ಉಟ್ಟಳು” ಎಂದರು. “ಸಾಯುವವರೆಗೆ.”

ಕಚೇರಿಯಲ್ಲಿ ಟೊಮಾಶ್ ಕಾಗದ ನೋಡಿದ, ಏಳು ಅಕ್ಷರಗಳನ್ನು ಎಣಿಸಿದ, ನಕ್ಕು ಪೆನ್ನು ಎತ್ತಿಕೊಂಡ. “ಇದೆಯಲ್ಲ! ಬರೆಯೋಣ. ಪೂರ್ತಿ ಹೆಸರು ಹೇಳಿ.”

ನಾನು ಹೆಲೆನಾ ಅವರ ಕಡೆ ನೋಡಲಿಲ್ಲ. ಅದು ಅವರ ಮಾತು, ಅವರೇ ಆಡಬೇಕಾದದ್ದು.

ಅವರು ನನಗೂ ತಿಳಿಯಲಿ ಎಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದರು: “ವಿಷಾದದಿಂದ ತಿಳಿಸುವುದೇನೆಂದರೆ, ಆರ್ಡರು ರದ್ದು.”

ಟೊಮಾಶ್ ಪೆನ್ನು ಹಿಡಿದೇ ಕೂತ. “ಮೂರು ಅರ್ಜಿ ಕೊಟ್ಟವರು ನೀವು!”

“ಮೂರೂ ವಾಪಸು. ನಿಮ್ಮ ಪಟ್ಟಿ ಸರಿಯಾಗಿದೆ. ಅವನು ಸತ್ತವರ ಪಟ್ಟಿಯವನಲ್ಲ.”

ಹೊರಗೆ ಮೆಟ್ಟಿಲ ಬಳಿ ನಾನು ಕಾಗದದ ಸುರುಳಿಯನ್ನು ಅವರ ಕೈಗಿತ್ತೆ. ತೆಗೆದುಕೊಂಡರು. ಕೈ ಕುಲುಕಲಿಲ್ಲ, ನಮಸ್ಕಾರ ಹೇಳಲಿಲ್ಲ. ಆ ಊರಿನಲ್ಲಿ ನಮಸ್ಕಾರ ಹೇಳದೆ ಹೋದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಶನಿವಾರ, ಚೌಕದಲ್ಲಿ

ಸತ್ತವರ ದಿನ. ಊರೆಲ್ಲ ಗುಡ್ಡದ ಮೇಲಿನ ಸ್ಮಶಾನಕ್ಕೆ ಹೂ, ದೀಪ ಹಿಡಿದು ಹೋಯಿತು. ನಾನು ಬೆಳಿಗ್ಗೆಯಿಂದ ಕಂಬದ ಎದುರಿನ ಬೆಂಚಿನ ಮೇಲೆ ಕೂತಿದ್ದೆ. ಹೆಲೆನಾ ಬರಲಿಲ್ಲ. ಕಲ್ಲಿನ ಮೇಲೆ ಪಾರಿವಾಳದ ಹಿಕ್ಕೆ ಬಿದ್ದು ಒಣಗಿತು. ತೊಳೆಯಬಹುದಿತ್ತು. ಆದರೆ ಈ ಸಲ ಯಾರ ಅನುಮತಿ ಕೇಳಬೇಕು ಎಂದು ತಿಳಿಯಲಿಲ್ಲ.

ಅವರ ಮನೆಯವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ನಮ್ಮಲ್ಲಿ ಆಗಿದ್ದರೆ ಬಾಗಿಲು ತೆರೆದಿರುತ್ತಿತ್ತು, ಓಣಿಯ ಯಾರಾದರೂ “ಅಜ್ಜಿ ಯಾಕೋ ಊಟ ಮಾಡಿಲ್ಲ ನೋಡ್ರಿ” ಎಂದು ತಾವಾಗಿ ಹೇಳುತ್ತಿದ್ದರು. ಇಲ್ಲಿ ಗಂಟೆ ಒತ್ತಬೇಕು. ಒತ್ತಲು ನನಗೆ ಕಾರಣ ಇರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದೆ.

ಅವ್ವನಿಗೆ ಫೋನು ಮಾಡಿದೆ. ನಾನಾಗಿ ಮಾಡುವುದು ಕಡಿಮೆ.

“ಏನಾತು?” ಎಂದಳು ಕೂಡಲೇ.

“ಏನಿಲ್ಲ.”

“ಏನಿಲ್ಲಂದ್ರ ನೀ ಫೋನ್ ಮಾಡಾಕಿ ಅಲ್ಲ. ಆರಾಮ ಅದಿ ಇಲ್ಲೊ?”

“ಒಬ್ಬರಿಗಿ ಖರೆ ಹೇಳಿದೆ ಅವ್ವಾ. ಅವರಿಗಿ ಬ್ಯಾಸರಾತು.”

ಅವ್ವನ ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಸದ್ದು. “ನೀ ಸಣ್ಣಾಕಿ ಇದ್ದಾಗಿಂದ ಹಂಗ” ಎಂದಳು. “ಉಣ್ಣು ಹೋಗು.”

ಉಣ್ಣಲಿಲ್ಲ. ವರದಿ ಬರೆಯಲು ಕೂತೆ. ಕಂಬದ ಎತ್ತರ, ಕಲ್ಲಿನ ಜಾತಿ, ಬಿರುಕುಗಳು. ಹನ್ನೊಂದನೆಯ ಸಾಲಿಗೆ ಬಂದಾಗ ಬಹಳ ಹೊತ್ತು ಹಿಡಿಯಿತು. ಕೊನೆಗೆ, ಸಾಲು ನುಣುಪಾಗಿದೆ ಎಂದಷ್ಟೇ ಬರೆದೆ.

ರವಿವಾರ, ಮತ್ತೆ ಬಸ್ ನಿಲ್ದಾಣ

ಬಸ್ಸಿಗೆ ಹತ್ತು ನಿಮಿಷ ಇದ್ದಾಗ ಹೆಲೆನಾ ಬಂದರು. ಕಂಕುಳಲ್ಲಿ ಕಾಗದದ ಸುರುಳಿ. ಓಡಿ ಬಂದಿದ್ದರಿಂದ ಏದುಸಿರು ಹತ್ತಿತ್ತು.

“ಸರಕಿನ ಜೊತೆ ಚೀಟಿ ಬಂದಿಲ್ಲ” ಎಂದರು.

ನನಗೆ ತಿಳಿಯಲಿಲ್ಲ. ಅವರು ಸುರುಳಿಯ ಬೆನ್ನು ತೋರಿಸಿದರು, ಖಾಲಿ. “ಏನು ಸರಕು, ಯಾರು ಕಳಿಸಿದ್ದು, ಒಳಗೆ ಏನಿದೆ. ಚೀಟಿ ಇಲ್ಲದ ಪೆಟ್ಟಿಗೆಯನ್ನು ನಾನು ನಲವತ್ತು ವರ್ಷದಲ್ಲಿ ಒಂದನ್ನೂ ಬಿಟ್ಟಿಲ್ಲ.”

ಅವರು ಹೇಳಿದ್ದು ಸರಿ. ಪ್ರತಿ ಅಚ್ಚಿನ ಬೆನ್ನಿಗೆ ಊರು, ದಿನ, ಕಂಡದ್ದು, ತೆಗೆದವರ ಹೆಸರು ಬರೆಯುವುದು ನಮ್ಮಲ್ಲೂ ಪದ್ಧತಿ. ಶುಕ್ರವಾರ ಕೊಡುವಾಗ ನನಗೆ ಅದು ನೆನಪಾಗಿರಲಿಲ್ಲ. ಪೆನ್ಸಿಲು ತೆಗೆದೆ.

“ನಿಮ್ಮ ಭಾಷೆಯಲ್ಲಿ ಬರೆಯಿರಿ” ಎಂದರು. “ನಮ್ಮದರಲ್ಲಿ ಬರೆದರೆ ನಾಳೆ ಊರು ಓದುತ್ತದೆ. ಇದು ಓದಲು ಅಲ್ಲ, ಇಟ್ಟುಕೊಳ್ಳಲು.”

ನನ್ನ ಸೂಟ್‌ಕೇಸನ್ನು ಅಡ್ಡ ಮಲಗಿಸಿ, ಅದರ ಮೇಲೆ ಕಾಗದ ಹಾಸಿ ಬರೆದೆ. ಊರು, ದಿನ. ಹನ್ನೊಂದನೆಯ ಸಾಲು: ಆಂಟನ್ ಎಂಬವನ ಹೆಸರು ಇತ್ತು. ತಿದ್ದಿ ತೆಗೆದಿದ್ದಾರೆ. ಒಡೆದಿಲ್ಲ. ಕೆಳಗೆ ನನ್ನ ಹೆಸರು.

“ಏನು ಬರೆದಿರಿ?”

ಇಂಗ್ಲಿಷಿನಲ್ಲಿ ಹೇಳಿದೆ.

“ಬದುಕಿದ್ದ ಎಂದು ಬರೆದಿಲ್ಲವೇ?”

“ಇಲ್ಲ. ನನಗೆ ಗೊತ್ತಿಲ್ಲ.”

“ನನಗೂ ಗೊತ್ತಿಲ್ಲ” ಎಂದರು. “ನಿನ್ನೆ ಇಡೀ ದಿನ ಅಡುಗೆಮನೆಯಲ್ಲಿ ಕೂತು ಅವನನ್ನು ಬೈದೆ. ಎಲ್ಲೋ ಬೇರೆ ಊರಲ್ಲಿ, ಬೇರೆ ಮೇಜಿನ ಮುಂದೆ, ಸೂಪು ಕುಡಿಯುತ್ತ ಕೂತಿದ್ದನಲ್ಲ ಎಂದು. ಸಂಜೆಯ ಹೊತ್ತಿಗೆ ಸೂಪು ಕುಡಿಯುವವನ ಮುಖ ಕಾಣತೊಡಗಿತು. ಇಷ್ಟು ವರ್ಷ ನನಗೆ ಅವನ ಮುಖ ಕಂಡಿರಲಿಲ್ಲ.” ಆಮೇಲೆ ಕೇಳಿದರು: “ಇಬ್ಬರಿಗೂ ಗೊತ್ತಿಲ್ಲದ್ದನ್ನು ಬರೆಯಲು ನಿಮ್ಮ ಭಾಷೆಯಲ್ಲಿ ಶಬ್ದ ಇಲ್ಲವೇ?”

ಇದೆ. ಅಚ್ಚಿನ ಬೆನ್ನಿಗೆ ನಾವು ಅದನ್ನು ಬರೆಯುವುದಿಲ್ಲ, ಅಷ್ಟೇ. ಕಂಡದ್ದನ್ನು ಮಾತ್ರ ಬರೆಯಬೇಕು. ಪೆನ್ಸಿಲು ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ನನ್ನ ಹೆಸರಿನ ಮೇಲೆ ಉಳಿದಿದ್ದ ಸಣ್ಣ ಜಾಗದಲ್ಲಿ ಬರೆದೆ: ಬಹುಶಃ ಬದುಕಿದ್ದ.

ಅವರು ಆ ಎರಡು ಶಬ್ದಗಳ ಮೇಲೆ ಬೆರಳಿಟ್ಟರು. “ಓದಿ.”

ಓದಿದೆ.

“ಇನ್ನೊಮ್ಮೆ. ನಿಧಾನ.”

ಒಬ್ಬರಿಂದೊಬ್ಬರು ಮಾರು ದೂರ ಬಿಟ್ಟು ನಿಂತಿದ್ದ ಪ್ರಯಾಣಿಕರು ನಮ್ಮ ಕಡೆ ತಿರುಗಿ ನೋಡಿದರು. ನಿಧಾನವಾಗಿ ಓದಿದೆ. ಅವರ ತುಟಿ ನನ್ನ ಜೊತೆ ಅಲುಗಾಡಿತು. ಮೊದಲ ಶಬ್ದ ಮುರಿದು ಮುರಿದು ಬಂತು, ಎರಡನೆಯದು ಸರಿಯಾಗಿ ಬಂತು.

ಡ್ರೈವರ್ ಸಾಮಾನಿನ ಬಾಗಿಲು ಮುಚ್ಚಿ ಹಾರ್ನ್ ಒತ್ತಿದ. ಹೆಲೆನಾ ಅವನ ಕಡೆ ನೋಡದೆಯೇ, ತಡಿ ಎಂದು ಒಂದು ಕೈ ಎತ್ತಿದರು. ಇನ್ನೊಂದು ಕೈಯ ಬೆರಳು ಕಾಗದದ ಮೇಲೆಯೇ ಇತ್ತು.

“ಇನ್ನೊಮ್ಮೆ” ಎಂದರು.